ಆಟಿ ತಿಂಗಳ ಮಳೆಗೂ ಘಟ್ಟದ ಮಂಜಿಗೂ ಯಾವ ಬಲ್ಬ್?

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವಾಗ ರಾತ್ರಿ ಮಳೆ ಹಿಡಿಯಿತೆಂದರೆ ಡಾಂಬರಿನ ಅಂಚೇ ಕಾಣದು. ಕಾರಿನ ಹೆಡ್‌ಲೈಟಿಗೆ ಒಳ್ಳೆಯ ಬಲ್ಬ್ ಎಂದು ಅಂಗಡಿಯಲ್ಲಿ ಕೇಳಿದರೆ ಕೈಗಿಡುವುದು ಬಿಳಿ ಬೆಳಕಿನ (ಬೆಳಕಿನ ಬಣ್ಣದ ಅಳತೆ ಕೆಲ್ವಿನ್, ಅಂಕಿ ಇಳಿದಷ್ಟೂ ಹಳದಿ) 6000 ಕೆಲ್ವಿನ್‌ನ ಎಲ್‌ಇಡಿ. ಒಣ ರಸ್ತೆಯಲ್ಲಿ ಹಗಲಿನಂತೆ ಹೊಳೆಯುತ್ತದೆ, ನಿಜ. ಆದರೆ ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರ್‌ನಲ್ಲಿ, ಆ ಬಲ್ಬಿನ ಉರಿಯುವ ತಂತಿ ಇರಬೇಕಾದ ಜಾಗಕ್ಕೆ ಎಲ್‌ಇಡಿಯ ಚಿಪ್ ಕರಾರುವಾಕ್ಕಾಗಿ ಕೂರದಿದ್ದರೆ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಮಂಜಿನಲ್ಲಿ ಅದೇ ನಿಮ್ಮೆದುರು ಬಿಳಿ ಗೋಡೆ.

ಎಚ್4 (ಹೈ ಬೀಮ್, ಲೋ ಬೀಮ್ ಎರಡೂ ಒಂದೇ ಬಲ್ಬಿನಲ್ಲಿರುವ ಬಗೆ) ಹೋಲ್ಡರ್ ಇರುವ ಕಾರಿಗೆ ಫಿಲಿಪ್ಸ್ ಅಥವಾ ಓಸ್ರಾಮ್‌ನ ಸಾದಾ 60/55 ವಾಟ್ (ಹೈಗೆ 60, ಲೋಗೆ 55) ಸಾಕು. 'ಶೇ. 130 ಹೆಚ್ಚು ಬೆಳಕು' ಎಂಬ ಬಲ್ಬ್ ಕೆಟ್ಟದ್ದಲ್ಲ, ಆದರೆ ಆ ಲೆಕ್ಕ ರಸ್ತೆಯ ಒಂದು ತುಣುಕಿಗೆ ಮಾತ್ರ, ಆಯುಷ್ಯವೂ ಕಮ್ಮಿ. 100/90 ಬೇಡವೇ ಬೇಡ. ಹೈ ಬೀಮ್‌ನಲ್ಲಿ ಎರಡು ಬಲ್ಬ್ ಸೇರಿ 16 ಆಂಪಿಯರ್ ದಾಟುತ್ತದೆ. ಹೋಲ್ಡರ್ ಕರಗಿ, ರಿಫ್ಲೆಕ್ಟರಿನ ಹೊಳಪು ಸುಟ್ಟು ಹೋಗುತ್ತದೆ. ಆ ದುಡ್ಡನ್ನು ರಿಲೇ ವೈರಿಂಗಿಗೆ, ಅಂದರೆ ಬ್ಯಾಟರಿಯಿಂದ ಬಲ್ಬಿಗೆ ನೇರ ದಪ್ಪ ತಂತಿ ಎಳೆಸಲು ಹಾಕಿ. ಬಲ್ಬಿಗೆ 13.2 ವೋಲ್ಟ್ ಬದಲು 12 ಮುಟ್ಟಿದರೆ ಬೆಳಕಿನ ಕಾಲುಭಾಗ ಅಲ್ಲೇ ಹೋಯಿತು. ಹಳೆ ಕಾರುಗಳ ಕಾಯಿಲೆ ಹೆಚ್ಚಾಗಿ ಇದೇ.

ಫಾಗ್ ಲ್ಯಾಂಪಿಗೆ (ಬಂಪರಿನಲ್ಲಿರುವ ಮಂಜಿನ ದೀಪಕ್ಕೆ) ಕೊಳ್ಳುವ ಮುನ್ನ ಹಳೆ ಬಲ್ಬಿನ ಬುಡ ಓದಿ: ಎಚ್8 ಆದರೆ 35 ವಾಟ್, ಎಚ್11 ಆದರೆ 55, ಎಚ್16 ಆದರೆ 19. ಬುಡದ ಕಿವಿ ಅರದಿಂದ ಉಜ್ಜಿ ಎಚ್8ರ ಜಾಗಕ್ಕೆ ಎಚ್11 ತುರುಕುವವರಿದ್ದಾರೆ. ಪ್ಲಾಸ್ಟಿಕ್ ಲೆನ್ಸ್ ಬಿಸಿಗೆ ಸೊಟ್ಟಗಾಗುತ್ತದೆ. ಹಳದಿ ಬಲ್ಬ್ ಮಂಜನ್ನು ಸೀಳುತ್ತದೆ ಎಂಬುದು ಬರೀ ಮಾತು. ಮಂಜಿನ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚದುರಿಸುತ್ತದೆ. ನೀಲಿ ಕಳೆದದ್ದರಿಂದ ಕೆಲವರ ಕಣ್ಣಿಗೆ ಹಿತ, ಅಷ್ಟೇ. ಹಾಕುವುದಾದರೆ 3000 ಕೆಲ್ವಿನ್ ಒಳಗಿನದು. ಪಾಣತ್ತೂರು ದಾಟಿ ಕರಿಕೆ ಘಟ್ಟ ಏರುವಾಗ ಉಪಕಾರಕ್ಕೆ ಬರುವುದು ಬಣ್ಣವಲ್ಲ, ಲ್ಯಾಂಪ್ ತಗ್ಗಿನಲ್ಲಿದ್ದು ಅಗಲಕ್ಕೆ ಹಾಸುವ ಚಪ್ಪಟೆ ಬೆಳಕು. ಹೈ ಬೀಮ್ ಹಾಕಲೇಬೇಡಿ.

ಕೂರಿಸುವಾಗ ಗಾಜು ಮುಟ್ಟಬಾರದು. ಬೆರಳಿನ ಎಣ್ಣೆ ಕೂತಲ್ಲಿ ಬಿಸಿ ಹೆಚ್ಚಿ ಬಲ್ಬ್ ಬೇಗ ಹೋಗುತ್ತದೆ. ಹಿಂದಿನ ರಬ್ಬರ್ ಟೊಪ್ಪಿಯ ಸುತ್ತು ಪೂರ್ತಿ ಒತ್ತಿ, ಇಲ್ಲದಿದ್ದರೆ ಒಂದೇ ಮಳೆಗೆ ಒಳಗೆಲ್ಲ ಬೆವರು. ಆಮೇಲೆ ಗೋಡೆಯಿಂದ 5 ಮೀಟರ್ ದೂರ, ಸಮನೆಲದಲ್ಲಿ ಕಾರು ನಿಲ್ಲಿಸಿ. ಲೋ ಬೀಮಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಇಷ್ಟಾಗಿಯೂ ಮಂಕೇ ಇದ್ದರೆ ಹೊರಗಿನ ಲೆನ್ಸ್ ನೋಡಿ. ಅದು ಹಳದಿಗಟ್ಟಿದ್ದರೆ ನೀರು ಹಾಕಿ 2000 ನಂಬರ್ ಮರಳು ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿಸಿ, ಹೊಸ ಬಲ್ಬ್ ಬೇಡ.