ಅಡತಿ ಅಂಗಡಿ ಸಾಫ್ಟ್‌ವೇರಿಗೆ ಎಐ ಬಳಸಿ ನೋಡಿದ್ದು, ಗಂಗಾವತಿಯಿಂದ

ನಾನು ಗಂಗಾವತಿ, ಕಾರಟಗಿ ಕಡಿ ರೈಸ್ ಮಿಲ್ಲು, ಅಡತಿ ಅಂಗಡಿಗುಳಿಗೆ (ಕಮಿಷನ್ ಮ್ಯಾಲೆ ರೈತರ ಮಾಲು ಮಾರಿಕೊಡೋ ಅಂಗಡಿ) ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡಾಂವ. 2022ರ ನವೆಂಬರಿನಾಗ ಚಾಟ್‌ಜಿಪಿಟಿ ಬಂದಾಗಿಂದ ಒಂದಿಲ್ಲೊಂದು ಎಐ ಬಳಸ್ಕೋಂತನ ಬಂದೀನಿ, ಈಗ ರೊಕ್ಕಾ ಕೊಟ್ಟು ತಿಂಗಳ ಪ್ಲಾನ್ ಇಟ್ಕೊಂಡೀನಿ. ಯಾವ ಕಂಪನಿದು ಅಂತ ಕೇಳಬ್ಯಾಡ್ರಿ, ನಾ ಹೇಳೋ ಗುಣ ಅವಗುಣ ಸಾಧಾರಣ ಎಲ್ಲಾದ್ರಾಗೂ ಅದಾವ.

ಮೊದ್ಲು ಛಲೋದು ಹೇಳ್ತೀನಿ. ನನ್ನ ಹತ್ರ ವಿಬಿ6 (ವಿಷುವಲ್ ಬೇಸಿಕ್ 6) ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆನಾಗ ಬರದಿದ್ದ ಹಳೇ ಪ್ರೋಗ್ರಾಮ್ ಇತ್ತು, ಬರದಾಂವ ಯಾವಾಗೋ ಬೆಂಗಳೂರಿಗೆ ಹೋಗಿಬಿಟ್ಟಾನ, ಕಾಮೆಂಟ್ ಒಂದೂ ಇಲ್ಲ, ವೇರಿಯೇಬಲ್ ಹೆಸ್ರು ನೋಡಿದ್ರ ಎ1, ಎ2. ಅದನ್ನ ಎಐಗೆ ಹಾಕಿದ್ರ ಯಾವ ಫಂಕ್ಷನ್ ಹಮಾಲಿ ಕಡೀತೈತಿ, ಯಾವುದು ಕಮಿಷನ್ ಕಡೀತೈತಿ ಅಂತ ಸಾಲು ಸಾಲು ಬಿಡಿಸಿ ಹೇಳ್ತು. ಎಸ್‌ಕ್ಯೂಎಲ್ ಕ್ವೆರಿ (ಡೇಟಾಬೇಸಿನಿಂದ ಮಾಹಿತಿ ಕೇಳಿ ತಗಿಯೋ ಸಾಲು), ಫಾರ್ಮು, ಎಕ್ಸೆಲ್‌ಗೆ ರಿಪೋರ್ಟ್ ತಗಿಯೋದು ಇವೆಲ್ಲಾ ಕೇಳಂಗೇ ಇಲ್ಲ, ಚಾ ಕುಡದು ಬರೋದ್ರಾಗ ರೆಡಿ. ಜಗತ್ತಿನಾಗ ಸಾವಿರಾರು ಮಂದಿ ಬರದಿದ್ದ ಕೋಡನ್ನ ಅದು ಕಣ್ಣು ಮುಚ್ಚಿ ಬರೀತೈತಿ.

ಹಳೇದನ್ನ ಜಾವಾಸ್ಕ್ರಿಪ್ಟ್ ಅನ್ನೋ ಇನ್ನೊಂದು ಭಾಷೆಗೆ ತಿರುಗಿಸಿದಾಗ ಶುರು ಆತು ನೋಡ್ರಿ. ಪ್ರೋಗ್ರಾಮ್ ಓಡ್ತೈತಿ, ಎರರ್ ಒಂದೂ ಇಲ್ಲ, ಆದ್ರ ಹಳೇ ಬಿಲ್ ಇಟ್ಟು ತಾಳೆ ನೋಡಿದ್ರ ಅಲ್ಲೊಂದು ಇಲ್ಲೊಂದು ಬಿಲ್ಲಿನಾಗ ಒಂದು ರೂಪಾಯಿ ಫರಕ್. ವಿಬಿ6ನ ರೌಂಡ್ ಫಂಕ್ಷನ್ನಿಗೆ 342.50 ಕೊಟ್ರ 342 ಮಾಡ್ತೈತಿ, ಯಾಕಂದ್ರ ಸರಿಯಾಗಿ ಅರ್ಧಕ್ಕ ಬಂದ್ರ ಅದು ಹತ್ರದ ಸಮ ಸಂಖ್ಯೆ ಹಿಡೀತೈತಿ, 343.50 ಇದ್ರ 344. ಜಾವಾಸ್ಕ್ರಿಪ್ಟಿನ ಮ್ಯಾಥ್.ರೌಂಡ್ 342.50ನ್ನ ಸೀದಾ 343 ಮಾಡ್ತೈತಿ. ಎರಡೂ ರೌಂಡ್ ಅಂತ ಎಐ ಒಂದ್ರ ಜಾಗಾದಾಗ ಇನ್ನೊಂದು ಇಟ್ಟುಬಿಟ್ಟಿತ್ತು. ಕೇಳಿದ ಮ್ಯಾಲೆ ಈ ಫರಕನ್ನ ಅದ ಎಷ್ಟು ಛಂದ ವಿವರಿಸ್ತು ಅಂದ್ರ ಸಿಟ್ಟು ಬಂತು, ಗೊತ್ತಿತ್ತಲ್ಲೋ ಮಾರಾಯ, ಮೊದ್ಲೇ ಹೇಳಾಕ ಏನಾಗಿತ್ತು?

ಇನ್ನು ನಮ್ಮ ಪ್ಯಾಟಿ ಲೆಕ್ಕ ಅದಕ್ಕ ತಿಳಿಯಂಗಿಲ್ಲ. ನಮ್ಮ ಕಡಿ ಭತ್ತದ ರೇಟು 75 ಕೆಜಿ ಚೀಲಕ್ಕ ಮಾತಾಡ್ತೀವಿ, ಅದು ಹೇಳದನ ಕ್ವಿಂಟಲ್ ಹಿಡಕೊಂಡು ಗುಣಿಸಿರ್ತೈತಿ. ಅಕ್ಕಿದು ಇನ್ನೂ ಮಜಾ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿ ತನಕದ ಅಕ್ಕಿಗೆ 5% ಜಿಎಸ್‌ಟಿ ಬಂತಲ್ಲ, ಅದಕ್ಕ ಪ್ಯಾಟಿಯಾಗ 26 ಕೆಜಿ ಚೀಲ ಬಂದ್ವು. ನನ್ನ ಟೆಸ್ಟ್ ಡೇಟಾದಾಗ 26 ಇದ್ದದ್ದನ್ನ ಎಐ ಟೈಪಿಂಗ್ ತಪ್ಪು ಅಂತ ತಿಳಕೊಂಡು 25 ಮಾಡಿ, ಮ್ಯಾಲೆ ಟ್ಯಾಕ್ಸ್ ಬ್ಯಾರೆ ಹಾಕಿತ್ತು! ಟೆಸ್ಟ್ (ಕೋಡ್ ಸರಿ ಐತೋ ಇಲ್ಲೋ ನೋಡೋ ತಪಾಸಣಿ) ಫೇಲಾದ್ರ ಕೋಡ್ ಬಿಟ್ಟು ಟೆಸ್ಟನ್ನ ತಿದ್ದಿ ಪಾಸ್ ಮಾಡೋ ಚಾಳಿನೂ ಐತಿ ಅದಕ್ಕ, ಏನೇನ್ ಬದಲಿ ಮಾಡೇತಿ ಅನ್ನೋದನ್ನ ಓದದ ಒಪ್ಪಬ್ಯಾಡ್ರಿ.

ಕನ್ನಡ ಪ್ರಿಂಟ್ ಅಂತೂ ದೊಡ್ಡ ಕತಿ. ನಮ್ಮ ಗಿರಾಕಿಗಳ ಸಣ್ಣ ಥರ್ಮಲ್ ಪ್ರಿಂಟರಿನಾಗ ಕನ್ನಡ ಫಾಂಟೇ ಇಲ್ಲ. ಎಐ ಮಾತ್ರ ಯುಟಿಎಫ್-8 (ಕನ್ನಡ ಸೇರಿ ಎಲ್ಲಾ ಲಿಪಿಗೂ ನಡಿಯೋ ಅಕ್ಷರ ಕೋಡು) ಕಳಸ್ರಿ ಅಂತ ಭಾಳ ಧೈರ್ಯದಿಂದ ಹೇಳ್ತೈತಿ, ಕಳಿಸಿದ್ರ ಕಾಗದದ ತುಂಬ ಪ್ರಶ್ನೆ ಚಿಹ್ನೆ. ಅಕ್ಷರಾನ ಚಿತ್ರ ಮಾಡಿ ಕಳಸು ಅಂತ ನಾನ ದಾರಿ ತೋರಿಸಿದ ಮ್ಯಾಲೆ ಪೈಥಾನ್ ಭಾಷೆಯ ಪಿಲ್ಲೋ ಅನ್ನೋ ಚಿತ್ರ ಮಾಡೋ ಲೈಬ್ರರಿಯಾಗ ಬರದುಕೊಡ್ತು, ಆದ್ರ 'ಭತ್ತ' ಅನ್ನೋದು 'ಭತ್‌ತ' ಅಂತ ಬಂತು. ಪಿಲ್ಲೋದ ಬೇಸಿಕ್ ಲೇಔಟಿಗೆ ಒತ್ತಕ್ಷರ ಕೂಡಿಸಾಕ ಬರಂಗಿಲ್ಲ, ರಾಕ್ಮ್ ಅನ್ನೋ ಲೈಬ್ರರಿ ಬೇಕು. ಎರರ್ ಅಂತೂ ಬರಂಗಿಲ್ಲ, ಕಾಗದ ನೋಡಿದಾಂವಗ ಮಾತ್ರ ಗೊತ್ತಾಕ್ಕೈತಿ, ಎಐ ಕಾಗದ ಎಲ್ಲಿ ನೋಡ್ತೈತಿ? ಹಳೇ ನುಡಿ ಫಾಂಟಿನ ರೈತರ ಹೆಸ್ರು ಯುನಿಕೋಡಿಗೆ ತಿರುಗಿಸೋದ್ರಾಗೂ ಹಂಗ, ಅರ್ಕಾವತ್ತು ಬಂದಲ್ಲೆಲ್ಲಾ 'ಧರ್ಮಣ್ಣ'ನ ರಕಾರ ಹೋಗಿ ಮಕಾರ ಆದ ಮ್ಯಾಲೆ ಕುಂದರ್ತಿತ್ತು.

ಪ್ಲಾನ್ ಬಿಡಂಗಿಲ್ಲ, ರಿನ್ಯೂ ಮಾಡಿಸ್ತೀನಿ, ಟೈಪಿಂಗಿನ ಕೆಲಸ ಅಷ್ಟು ಕಮ್ಮಿ ಆಗೇತಿ. ತಗೊಳ್ಳೋರು ಹಳೇ ಬಿಲ್ಲಿನ ಕಟ್ಟು ಒಂದು ಇಟ್ಕೊಳ್ರಿ, ಹೊಸ ಕೋಡ್ ಬಂದಾಗೆಲ್ಲಾ ಅದರ ಮ್ಯಾಲೆ ಓಡಸ್ರಿ. ಈಗ ಕಾಲೇಜ್ ಮುಗಿಸಿ ಕೋಡಿಂಗ್ ಕಲಿಯಾಕ ಹತ್ತಿದ ಹುಡುಗರು ಮಾತ್ರ ರೊಕ್ಕಾ ಕೊಟ್ಟು ತಗೊಳ್ಳೋದು ಬ್ಯಾಡ ಅಂತೀನಿ, ಒಂದು ತಕ್‌ಪಟ್ಟಿ (ರೈತಗ ಕೊಡೋ ಮಾಲಿನ ಲೆಕ್ಕದ ಚೀಟಿ) ಪ್ರೋಗ್ರಾಮನ್ನ ಕೈಲೆ ಬರದು, ಅಂಗಡಿ ಗುಮಾಸ್ತನ ಕೈಲೆ ಬೈಸ್ಕೊಂಡ ಮ್ಯಾಲೆ ತಗೊಳ್ಳಿ.