ಎಕ್ಸ್‌ಪೆಕ್ಟ್ ಜೊತೆ ಆರು ವರ್ಷ: ಚೆನ್ನಾಗಿದೆ, ಆದರೆ ಟೈಮ್‌ಔಟ್ ಬಗ್ಗೆ ಹುಷಾರು

ಎಕ್ಸ್‌ಪೆಕ್ಟ್ ಅಂದರೆ ಬೇರೆ ಪ್ರೋಗ್ರಾಂಗಳು ಕೇಳಿದ್ದಕ್ಕೆ ನಮ್ಮ ಬದಲು ತಾನೇ ಉತ್ತರ ಟೈಪ್ ಮಾಡುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ನಾಲ್ಕು ಸ್ಟಾರ್. ಉಳಿದ ಒಂದು ಯಾಕೆ ಹೋಯಿತು ಅನ್ನೋದೇ ದೊಡ್ಡ ಕಥೆ.

ಆಫೀಸಿನಲ್ಲಿ ಸುಮಾರು 60 ನೆಟ್‌ವರ್ಕ್ ಸ್ವಿಚ್‌ಗಳಿವೆ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳು). ತಿಂಗಳಿಗೊಮ್ಮೆ ಎಲ್ಲದರ ಕಾನ್ಫಿಗರೇಶನ್ ಬ್ಯಾಕಪ್ ತೆಗೆಯಬೇಕು. ಲಾಗಿನ್ ಆಗು, ಕಮಾಂಡ್ ಕೊಡು, ಪರದೆ ತುಂಬಿ 'ಮೋರ್' ಅಂತ ನಿಂತಾಗಲೆಲ್ಲ ಸ್ಪೇಸ್ ಒತ್ತು, ಹೊರಗೆ ಬಾ, ಮತ್ತೆ ಮುಂದಿನದು. ಊಟ ಮಾಡಿ ಈ ಕೆಲಸಕ್ಕೆ ಕೂತರೆ ನಿದ್ದೆ ಗ್ಯಾರಂಟಿ.

ಪಾಸ್‌ವರ್ಡನ್ನು ಪೈಪ್‌ನಲ್ಲಿ (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹರಿಸುವ ದಾರಿ) ಎಸ್‌ಎಸ್‌ಎಚ್‌ಗೆ, ಅಂದರೆ ದೂರದ ಯಂತ್ರಕ್ಕೆ ಲಾಗಿನ್ ಮಾಡಿಸುವ ಪ್ರೋಗ್ರಾಂಗೆ, ತಳ್ಳಿದರೆ ಸಾಕು ಅಂದುಕೊಂಡಿದ್ದೆ. ಆಗಲ್ಲ. ಅದು ಪಾಸ್‌ವರ್ಡನ್ನು ನೇರವಾಗಿ ಟರ್ಮಿನಲ್‌ನಿಂದಲೇ (ನಾವು ಕಮಾಂಡ್ ಟೈಪ್ ಮಾಡುವ ಪರದೆ) ಓದುತ್ತದೆ, ಪೈಪ್ ಕಡೆ ತಿರುಗಿಯೂ ನೋಡಲ್ಲ. ಎಕ್ಸ್‌ಪೆಕ್ಟ್ ಒಂದು ನಕಲಿ ಟರ್ಮಿನಲ್ ಎದುರಿಗಿಡುತ್ತದೆ, ಆ ಕಡೆಯ ಪ್ರೋಗ್ರಾಂಗೆ ಯಾರೋ ಮನುಷ್ಯರೇ ಕೂತು ಟೈಪ್ ಮಾಡುತ್ತಿದ್ದಾರೆ ಅನಿಸುತ್ತದೆ. 'ಸ್ಪಾನ್' ಅಂದರೆ ಪ್ರೋಗ್ರಾಂ ಶುರು, 'ಎಕ್ಸ್‌ಪೆಕ್ಟ್' ಅಂದರೆ ಈ ಪದ ಬರುವವರೆಗೆ ಕಾಯಿ, 'ಸೆಂಡ್' ಅಂದರೆ ಉತ್ತರ ಕೊಡು. ಮುಕ್ಕಾಲು ಪಾಲು ಕೆಲಸ ಈ ಮೂರರಲ್ಲೇ ಮುಗಿಯುತ್ತದೆ. 1990ರಲ್ಲಿ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ ಡಾನ್ ಲೈಬ್ಸ್ ಬರೆದದ್ದು, ಇವತ್ತಿಗೂ ಓಡುತ್ತಿದೆ.

ಈಗ ಆ ಒಂದು ಸ್ಟಾರ್ ವಿಷಯ. ಕಾಯುವ ಅವಧಿ (ಟೈಮ್‌ಔಟ್) ಡೀಫಾಲ್ಟಾಗಿ 10 ಸೆಕೆಂಡ್. ಅಷ್ಟರಲ್ಲಿ ಕಾದ ಪದ ಬರದಿದ್ದರೆ ಸ್ಕ್ರಿಪ್ಟ್ (ಈ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು) ನಿಲ್ಲುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ, ಅಲ್ವಾ? ನಿಲ್ಲಲ್ಲ. ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತದೆ! ಒಂದು ರಾತ್ರಿ ಒಂದು ಹಳೇ ಸ್ವಿಚ್ ತೂಕಡಿಸಿತು, ನನ್ನ ಸ್ಕ್ರಿಪ್ಟ್ ಯೂಸರ್‌ನೇಮ್ ಕೇಳುವ ಜಾಗಕ್ಕೆ ಪಾಸ್‌ವರ್ಡ್ ಕಳಿಸಿತು, ಅಲ್ಲಿ ಟೈಪ್ ಮಾಡಿದ್ದು ಕಾಣುತ್ತದಲ್ಲ, ಸೀದಾ ಲಾಗ್ ಫೈಲಿಗೆ ಬಿತ್ತು. ಬೆಳಗ್ಗೆ ಬಂದು 60 ಪಾಸ್‌ವರ್ಡ್ ಬದಲಾಯಿಸಿದೆ, ಎಲ್ಲದಕ್ಕೂ ಒಂದೇ ಇಟ್ಟಿದ್ದೆ ನೋಡಿ. ತಪ್ಪು ನನ್ನದೇ. ಆವತ್ತಿನಿಂದ ಪ್ರತಿ ಕಡೆ 'ಟೈಮ್‌ಔಟ್' ಬಂದರೆ ಏನು, ಸಂಪರ್ಕ ಕಡಿದು 'ಇಒಎಫ್' ಬಂದರೆ ಏನು ಅಂತ ಬರೆದೇ ಮುಂದೆ ಹೋಗುತ್ತೇನೆ.

'ಆಟೋಎಕ್ಸ್‌ಪೆಕ್ಟ್' ಅಂತ ಇನ್ನೊಂದಿದೆ, ನೀವು ಕೈಯಲ್ಲಿ ಮಾಡಿದ್ದನ್ನು ನೋಡಿ ತಾನೇ ಸ್ಕ್ರಿಪ್ಟ್ ಬರೆದುಕೊಡುತ್ತದೆ. ಖುಷಿಪಡಬೇಡಿ, ಪರದೆಯಲ್ಲಿ ಬಂದದ್ದನ್ನೆಲ್ಲ ಅಕ್ಷರಶಃ ಹಿಡಿದುಕೊಳ್ಳುತ್ತದೆ. ಕೊನೆಯ ಲಾಗಿನ್ ಸಮಯ ಬದಲಾದರೂ ಸಾಕು, ನಾಳೆ ಹೊಂದಲ್ಲ. ಕೂತು ಕತ್ತರಿಸಿಕೊಳ್ಳಬೇಕು.

ಎಕ್ಸ್‌ಪೆಕ್ಟ್ ಸ್ಕ್ರಿಪ್ಟ್ ಬರೆಯುವ ಟಿಸಿಎಲ್ ಭಾಷೆಯ ಚೌಕ ಕಂಸಗಳ ಕಾಟ ಬೇರೆ. ಹಾಗಾಗಿ ಹೊಸದನ್ನೆಲ್ಲ ಪೈಥಾನ್ ಭಾಷೆಯಲ್ಲಿರುವ ಇದೇ ತರಹದ 'ಪಿಎಕ್ಸ್‌ಪೆಕ್ಟ್'ನಲ್ಲಿ ಬರೆಯುತ್ತೇನೆ. ಅಲ್ಲಿ ಅವಧಿ 30 ಸೆಕೆಂಡ್, ಮೀರಿದರೆ ಎರರ್ ಎಸೆದು ನಿಲ್ಲುತ್ತದೆ, ನನಗೆ ಬೇಕಾಗಿದ್ದೂ ಅದೇ. ಸರ್ವರ್‌ಗಳಿಗೆ ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ ಹಾಕಿದ್ದೇನೆ, ಅಲ್ಲಿ ಇದ್ಯಾವುದೂ ಬೇಡ. ಆ ತೂಕಡಿಸುವ ಸ್ವಿಚ್‌ಗೆ ಮಾತ್ರ ಈಗಲೂ ಹಳೇ ಸ್ಕ್ರಿಪ್ಟೇ, ಟೈಮ್‌ಔಟ್ 90 ಸೆಕೆಂಡ್.