ಜರ್ಮನಿಗೆ ಓದಲು ಹೊರಟವರೇ, ಕೀ ಕೈಗೆ ಬರುವ ಮುಂಚೆ ಡೆಪಾಸಿಟ್ ಕಟ್ಟಬೇಡಿ

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಜರ್ಮನಿಯ ದೊಡ್ಡ ಊರುಗಳಲ್ಲಿ ಬಾಡಿಗೆ ರೂಮಿಗೆ ನೂಕುನುಗ್ಗಲು. ಚಳಿಗಾಲದ ಸೆಮಿಸ್ಟರ್ ಶುರುವಾಗುವ ಹೊತ್ತು ಅದು. ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್‌ನಂಥ ಕಡೆ ಸೂಟ್‌ಕೇಸ್ ಎಳೆದುಕೊಂಡು ವಿಳಾಸ ಹುಡುಕಿ ಹೋದರೆ, ಆ ಮನೆಯಲ್ಲಿ ಬೇರೆ ಯಾರೋ ಸಂಸಾರ ಮಾಡಿಕೊಂಡಿರುತ್ತಾರೆ. ಬೆಲ್ ಪಕ್ಕದ ಹೆಸರುಗಳಲ್ಲಿ ನಿಮ್ಮ 'ಓನರ್' ಹೆಸರೇ ಇರುವುದಿಲ್ಲ. ಕಟ್ಟಿದ ಡೆಪಾಸಿಟ್ ಹೋಯಿತು, ರಾತ್ರಿ ಮಲಗಲು ಜಾಗವೂ ಇಲ್ಲ.

ಮೋಸದ ದಾರಿ ಹೆಚ್ಚುಕಡಿಮೆ ಒಂದೇ. ರೂಮ್ ಹುಡುಕುವ ಸೈಟಿನಲ್ಲಿ ಚೆಂದದ ಫೋಟೋ, ಸುತ್ತಲಿನ ಮನೆಗಳಿಗಿಂತ ಕಡಿಮೆ ಬಾಡಿಗೆ. ಮೆಸೇಜ್ ಹಾಕಿದರೆ ಕೂಡಲೇ ಉತ್ತರ: ಕೆಲಸದ ಮೇಲೆ ಬೇರೆ ದೇಶದಲ್ಲಿದ್ದೇನೆ, ಮನೆ ತೋರಿಸಲು ಆಗುವುದಿಲ್ಲ, ಡೆಪಾಸಿಟ್ ಮತ್ತು ಮೊದಲ ತಿಂಗಳ ಬಾಡಿಗೆ ಕಟ್ಟಿದರೆ ಕೀ ಕೊರಿಯರ್‌ನಲ್ಲಿ ಬರುತ್ತದೆ, ಮನೆ ಹಿಡಿಸದಿದ್ದರೆ ಹಣ ವಾಪಸ್. ಹಣ 'ಸುರಕ್ಷಿತವಾಗಿ' ಇಟ್ಟುಕೊಳ್ಳಲು ಹೆಸರಾಂತ ಬುಕಿಂಗ್ ಸೈಟಿನ ಹಾಗೇ ಕಾಣುವ ಲಿಂಕ್ ಒಂದನ್ನು ಕಳಿಸುತ್ತಾರೆ. ಅದು ಅವರೇ ಕಟ್ಟಿದ ನಕಲಿ ಪುಟ. ನಂಬಿಕೆ ಬರಲಿ ಎಂದು ಪಾಸ್‌ಪೋರ್ಟ್ ಪ್ರತಿಯನ್ನೂ ಕೇಳದೇ ಕಳಿಸುತ್ತಾರೆ. ನಿಜವಾದ ಓನರ್ ಹಾಗೆ ಮಾಡುವುದಿಲ್ಲ. ಆ ಪಾಸ್‌ಪೋರ್ಟ್ ಸಾಮಾನ್ಯವಾಗಿ ಹಿಂದೆ ಮೋಸ ಹೋದವರದ್ದು. ನೀವು ಪ್ರತಿ ಕಳಿಸಿದರೆ ಮುಂದಿನವರಿಗೆ ತೋರಿಸಲು ಅದೇ ಬಳಕೆಗೆ ಬರುತ್ತದೆ.

ಫೋಟೋವನ್ನು ದೊಡ್ಡದು ಮಾಡಿ ಗೋಡೆಯ ಪ್ಲಗ್ ಪಾಯಿಂಟ್ ನೋಡಿ. ಜರ್ಮನಿಯಲ್ಲಿ ಅದು ದುಂಡಗೆ, ಒಳಕ್ಕೆ ತಗ್ಗಾಗಿ, ಎರಡು ದುಂಡು ತೂತು ಇರುವಂಥದ್ದು. ಚಪ್ಪಟೆ ಸೀಳುಗಳಿದ್ದರೆ ಆ ಫೋಟೋ ಜರ್ಮನಿಯದ್ದಲ್ಲ, ಅಮೆರಿಕದಂಥ ಬೇರೆ ದೇಶದ ಯಾವುದೋ ಫ್ಲ್ಯಾಟಿನದು. ಅದೇ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಸಲ ಹೋಟೆಲಿನ ಅಥವಾ ಬೇರೆ ಊರಿನ ಜಾಹೀರಾತು ಸಿಗುತ್ತದೆ. ಹಣ ಹಾಕಲು ಕೊಟ್ಟ ಐಬ್ಯಾನ್, ಅಂದರೆ ಬ್ಯಾಂಕ್ ಖಾತೆಯ ಸಂಖ್ಯೆ, ಜರ್ಮನಿಯ 'ಡಿಇ' ಬಿಟ್ಟು ಬೇರೆ ದೇಶದ ಅಕ್ಷರಗಳಿಂದ ಶುರುವಾದರೆ ಅಲ್ಲೇ ನಿಲ್ಲಿ. 'ಡಿಇ' ಇದ್ದ ಮಾತ್ರಕ್ಕೂ ನಂಬಬೇಡಿ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು ಖಾತೆಯ ಹೆಸರು ಹೊಂದುತ್ತದೋ ಇಲ್ಲವೋ ಎಂದು ಹಣ ಹೋಗುವ ಮೊದಲೇ ತೋರಿಸಬೇಕು. ಆ ಎಚ್ಚರಿಕೆ ಬಂದಾಗ 'ಮುಂದುವರಿಸಿ' ಒತ್ತಿದರೆ ಆಮೇಲೆ ಬ್ಯಾಂಕನ್ನು ದೂರಿ ಫಲವಿಲ್ಲ.

ಕಾನೂನು ನಿಮ್ಮ ಪರವೇ ಇದೆ, ಗೊತ್ತಿದ್ದರೆ. ಡೆಪಾಸಿಟ್, ಅಂದರೆ ಕೌಟ್ಸಿಯೋನ್, ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರುವಂತಿಲ್ಲ. ಹೀಟಿಂಗ್, ನೀರಿನ ಖರ್ಚು ಸೇರದ ಬಾಡಿಗೆ ಅದು. ಡೆಪಾಸಿಟ್ಟನ್ನು ಮೂರು ಸಮಾನ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ, ಮೊದಲ ಕಂತು ಬಾಡಿಗೆ ಶುರುವಾಗುವಾಗ. ಹಾಗಾಗಿ ಕೀಗೂ ಮುಂಚೆ ಪೂರ್ತಿ ಕೊಡು ಎನ್ನುವವರ ಮಾತಿಗೆ ಆಧಾರವಿಲ್ಲ. 2015ರ ಜೂನ್‌ನಿಂದ ಬ್ರೋಕರನ್ನು ಗೊತ್ತುಮಾಡಿದವರೇ ಕಮಿಷನ್ ಕೊಡಬೇಕು. ಮನೆ ತೋರಿಸಲು ಫೀಸು ಕೇಳಿದರೆ ಕೊಡಬೇಡಿ.

ಇನ್ನೊಂದು ಬಗೆಯ ಪೆಟ್ಟು ಇದಕ್ಕಿಂತ ನಿಧಾನ. ರೂಮ್ ನಿಜ, ಓನರ್ ನಿಜ, ಆದರೆ ಜಾಹೀರಾತಿನಲ್ಲಿ 'ಆನ್‌ಮೆಲ್ಡುಂಗ್ ಇಲ್ಲ', ಅಂದರೆ ಈ ವಿಳಾಸದಲ್ಲಿ ನೋಂದಣಿ ಮಾಡಿಸಲಾಗದು ಎಂದು ಸಣ್ಣದಾಗಿ ಬರೆದಿರುತ್ತದೆ, ಅಥವಾ ಬಾಯಲ್ಲಿ 'ಆಮೇಲೆ ನೋಡೋಣ' ಎನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಸೇವಾ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಎಂಬ ಒಂದು ಹಾಳೆ ಬೇಕು. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಆ ಹಾಳೆ ಇಲ್ಲದಿದ್ದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ಟ್ಯಾಕ್ಸ್ ನಂಬರ್ ಅಂಚೆಯಲ್ಲಿ ಬರುವುದಿಲ್ಲ, ಕೆಲವು ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ, ರೆಸಿಡೆನ್ಸ್ ಪರ್ಮಿಟ್ ಅರ್ಜಿ ಅಲ್ಲೇ ನಿಲ್ಲುತ್ತದೆ.

ಖಾತೆ ಇಲ್ಲದಿದ್ದರೆ ಷ್ಪೆರ್‌ಕಾಂಟೋದಲ್ಲಿ, ಅಂದರೆ ವೀಸಾಗಾಗಿ ಹಣ ತಡೆಹಿಡಿದಿಡುವ ಖಾತೆಯಲ್ಲಿ, ಇಟ್ಟ ಹಣವೂ ಕೈಗೆ ಬರುವುದಿಲ್ಲ. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿ ವೀಸಾಗೆ ತೋರಿಸಬೇಕಾದ್ದು ವರ್ಷಕ್ಕೆ 11,904 ಯೂರೋ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ನಿಮ್ಮ ಕರೆಂಟ್ ಖಾತೆಗೆ ಬರುತ್ತದೆ, ತುರ್ತು ಎಂದರೂ ಒಟ್ಟಿಗೆ ತೆಗೆಯಲಾಗದು. ಮೊದಲ ವಾರದ ಲಾಡ್ಜಿಂಗ್, ಮೊದಲ ಬಾಡಿಗೆ, ಡೆಪಾಸಿಟ್ಟಿನ ಮೊದಲ ಕಂತು, ಸೆಮಿಸ್ಟರ್ ಶುಲ್ಕ ಇವೆಲ್ಲಕ್ಕೂ ಷ್ಪೆರ್‌ಕಾಂಟೋ ಬಿಟ್ಟು ಬೇರೆ ಹಣ ಫಾರೆಕ್ಸ್ ಕಾರ್ಡಿನಲ್ಲಿ ಇರಬೇಕು. ಇದನ್ನು ಲೆಕ್ಕ ಹಾಕದೇ ಬಂದವರೇ ಅಗ್ಗದ ರೂಮಿನ ಬಲೆಗೆ ಬೇಗ ಬೀಳುವುದು.

ಈ ಇಕ್ಕಟ್ಟಿನಲ್ಲೇ ಇನ್ನೊಬ್ಬ ಬರುತ್ತಾನೆ: ದುಡ್ಡು ಕೊಟ್ಟರೆ ನೋಂದಣಿಗೆ ವಿಳಾಸ ಕೊಡುತ್ತೇನೆ ಎಂದು. ವಾಸವಿಲ್ಲದ ವಿಳಾಸವನ್ನು ಹೀಗೆ ಒದಗಿಸುವುದು ಕಾನೂನುಬಾಹಿರ, ದಂಡ 50,000 ಯೂರೋವರೆಗೂ ಇದೆ. ಅಲ್ಲದೆ ನಿಮ್ಮ ಬ್ಯಾಂಕ್ ಪಿನ್, ವಿಮೆ ಕಾರ್ಡು ಎಲ್ಲವೂ ಆ ಅಪರಿಚಿತನ ಅಂಚೆ ಡಬ್ಬಿಗೆ ಹೋಗಿ ಬೀಳುತ್ತವೆ.

ಹಾಗಾದರೆ ಏನು ಮಾಡಬೇಕು? ಮೊದಲ ಹತ್ತು ಹದಿನೈದು ದಿನಕ್ಕೆ ಹಾಸ್ಟೆಲ್ಲೋ ಕಡಿಮೆ ದರದ ಹೋಟೆಲ್ಲೋ ಬುಕ್ ಮಾಡಿ, ಕ್ಯಾನ್ಸಲ್ ಮಾಡಬಹುದಾದ ದರದಲ್ಲೇ. ಊರಿನಲ್ಲಿದ್ದು ಮನೆ ನೋಡಿ. ಸ್ಟುಡೀರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ನಿಲಯಕ್ಕೆ, ಪ್ರವೇಶ ಪತ್ರ ಬರುವ ಮೊದಲೇ ಅರ್ಜಿ ಹಾಕಲು ಬಿಟ್ಟರೆ, ಕಾಯದೆ ಆಗಲೇ ಹಾಕಿ. ಕಾಯುವ ಪಟ್ಟಿ ಒಂದೆರಡು ಸೆಮಿಸ್ಟರ್ ಉದ್ದವೂ ಇರುತ್ತದೆ. ಸೋಮವಾರ ಅಥವಾ ಮಂಗಳವಾರ ಇಳಿಯುವಂತೆ ಟಿಕೆಟ್ ಮಾಡಿಸಿ. ಶುಕ್ರವಾರ ಸಂಜೆ ಇಳಿದರೆ ಎರಡು ದಿನ ಕಚೇರಿಯಿಲ್ಲ, ಭಾನುವಾರ ಅಂಗಡಿಯೂ ಇಲ್ಲ. ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅದನ್ನೂ ನೋಡಿಕೊಳ್ಳಿ. ಬ್ಯುರ್ಗರ್‌ಆಮ್ಟ್ ಅಪಾಯಿಂಟ್‌ಮೆಂಟನ್ನು ವಿಮಾನ ಹತ್ತುವ ಮೊದಲೇ ಹುಡುಕಿ. ಬರ್ಲಿನ್‌ನಲ್ಲಿ ಯಾವ ಬಡಾವಣೆಯ ಕಚೇರಿಯಾದರೂ ನಡೆಯುತ್ತದೆ. ಬೆಳಗ್ಗೆ ಬೇಗ ನೋಡಿದರೆ ಬೇರೆಯವರು ಬಿಟ್ಟ ಸ್ಲಾಟ್ ಸಿಗುವುದುಂಟು.

ಬೇರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡುವ ರೂಮಾದರೆ, ಮೂಲ ಓನರ್ ಒಪ್ಪಿಗೆ ಬರಹದಲ್ಲಿದೆಯೇ ಎಂದು ಕೇಳಿ. ಕೀ ಪಡೆಯುವಾಗ ಮೀಟರ್ ಓದು, ಗೋಡೆಯ ಕಲೆ, ಕಿಟಕಿಯ ಬಿರುಕು ಎಲ್ಲವನ್ನೂ ಉಬರ್‌ಗಾಬೆ ಪ್ರೋಟೋಕೋಲ್ ಎಂಬ ಮನೆ ಹಸ್ತಾಂತರದ ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಬಿಟ್ಟುಹೋಗುವಾಗ ಡೆಪಾಸಿಟ್ ಕತ್ತರಿಸುವುದು ಇದಿಲ್ಲದವರದ್ದೇ. ಅಂದೇ ಅಂಚೆ ಡಬ್ಬಿಯ ಮೇಲೆ ಪಾಸ್‌ಪೋರ್ಟಿನಲ್ಲಿದ್ದಂತೆ ಹೆಸರು ಅಂಟಿಸಿ. ಹೆಸರಿಲ್ಲದ ಡಬ್ಬಿಯಿಂದ ಪತ್ರ ವಾಪಸ್ ಹೋಗುತ್ತದೆ.

ನೋಂದಣಿಯಾದ ಮೇಲೆ ಬರುವ, ತಿಂಗಳಿಗೆ 18.36 ಯೂರೋ ಟಿವಿ-ರೇಡಿಯೋ ಪ್ರಸಾರ ಶುಲ್ಕದ ಪತ್ರ ಮಾತ್ರ ಮೋಸದಂತೆ ಕಂಡರೂ ಅಸಲಿ. ಟಿವಿ ಇಲ್ಲ ಎಂದರೂ ಕಟ್ಟಬೇಕು. ಆದರೆ ಅದು ಮನೆಗೊಂದೇ, ಜೊತೆಯವರೊಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕ ಸಂಖ್ಯೆ ಬರೆದು ಉತ್ತರಿಸಿ.

ಹಣ ಈಗಾಗಲೇ ಹೋಗಿದ್ದರೆ ಕೂಡಲೇ ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ ವಾಪಸಾತಿ ಕೋರಿಕೆ ಹಾಕಿಸಿ. ಇನ್‌ಸ್ಟಂಟ್ ವರ್ಗಾವಣೆ 10 ಸೆಕೆಂಡಿನಲ್ಲಿ ಮುಗಿಯುವುದರಿಂದ ಅಲ್ಲಿ ಆಸೆ ಕಡಿಮೆ. ಭಾರತದ ಖಾತೆಯಿಂದ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಜರ್ಮನ್ ಪೊಲೀಸರಿಗೆ ಓನ್‌ಲೈನ್‌ವಾಖೆ ಎಂಬ ಅವರ ಆನ್‌ಲೈನ್ ದೂರು ತಾಣದ ಮೂಲಕ ದೂರು ಕೊಡಿ, ಚಾಟ್, ಐಬ್ಯಾನ್, ಲಿಂಕ್ ಎಲ್ಲದರ ಸ್ಕ್ರೀನ್‌ಶಾಟ್ ಸಮೇತ. ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದರೆ ದೂರಿನಲ್ಲಿ ಅದನ್ನೂ ಬರೆಸಿ, ನಾಳೆ ನಿಮ್ಮ ಹೆಸರಲ್ಲಿ ಇನ್ನೊಬ್ಬರಿಗೆ ಮೋಸವಾದಾಗ ತೋರಿಸಲು ಆ ದೂರಿನ ಸಂಖ್ಯೆ ಬೇಕಾಗುತ್ತದೆ.